ಜೀಪಿನ ಐದು ಮಾಪಕಗಳು

ಸಕಲೇಶಪುರದ ಬಳಿ ನಮ್ಮ ತೋಟದ ಮನೆಯ ಶೆಡ್ಡಿನಲ್ಲಿ ಹನ್ನೊಂದು ವರ್ಷ ಕದಲದೆ ನಿಂತಿದ್ದ ಜೀಪನ್ನು ಹೋದ ವರ್ಷ ಲಾರಿಯ ಮೇಲೇರಿಸಿ ಪುಣೆಗೆ ತರಿಸಿಕೊಂಡೆ. ಅಪ್ಪ 1968ರಲ್ಲಿ ಹಳೆಯದಾಗಿಯೇ ಕೊಂಡದ್ದು. ಊರಿನವರು ಅದನ್ನು ‘ಮಿಲ್ಟ್ರಿ ಜೀಪು’ ಎನ್ನುತ್ತಿದ್ದರು. ಅದು ನಿಜವೆಂದು ಖಚಿತವಾದದ್ದು, ಎಡಗೈ ಚಾಲನೆಯ ಆ ಗಾಡಿಯ ಬಲಬದಿಯ ಪೆಟ್ಟಿಗೆಯ ಮುಚ್ಚಳದ ಮೇಲಿದ್ದ ಲೋಹದ ಫಲಕವನ್ನು ಉಜ್ಜಿದಾಗ: ಇಸವಿ 1944.

ಹಳೆಯ ವಾಹನವನ್ನು ಮೂಲರೂಪಕ್ಕೆ ತರುವವರನ್ನು ಎಂಜಿನ್ನಿಗಿಂತ ಮಾಪಕಗಳೇ ಹೆಚ್ಚು ಕಾಡುತ್ತವೆ. ಯುದ್ಧಕಾಲದ ವಿಲ್ಲಿಸ್ ಮತ್ತು ಫೋರ್ಡ್ ಜೀಪುಗಳೆರಡರಲ್ಲೂ ನಡುವೆ ವೇಗಮಾಪಕ, ಅದರ ಎಡಬಲಕ್ಕೆ ಎರಡೆರಡು ಚಿಕ್ಕ ಮಾಪಕಗಳು: ಪೆಟ್ರೋಲು, ಆಯಿಲಿನ ಒತ್ತಡ, ನೀರಿನ ಶಾಖ, ವಿದ್ಯುತ್ತಿನ ಆಂಪಿಯರ್. ದಶಕಗಳುದ್ದಕ್ಕೂ ಕೆಟ್ಟದ್ದನ್ನು ಕಿತ್ತು, ಸಿಕ್ಕಿದ್ದನ್ನು ಕೂರಿಸಿದ ಕೈಗಳು ಎಷ್ಟೋ. ಮುಖ ನೋಡಿ ಮೋಸ ಹೋಗುವುದು ಸುಲಭ. ಹಿಂಬದಿಯನ್ನು ನೋಡಬೇಕು ಎಂದು ಕಲಿಸಿದವರು ಖಡಕಿಯ ಒಬ್ಬ ವೃದ್ಧ ಮೆಕ್ಯಾನಿಕ್. ಅಂದಿನ ಪೆಟ್ರೋಲು ಮಾಪಕ 6 ವೋಲ್ಟಿನದು. ನಮ್ಮದು 12 ವೋಲ್ಟಿನದು. ಆಯಿಲಿನ ಮಾಪಕಕ್ಕೆ ತಂತಿಯಲ್ಲ, ಎಂಜಿನ್ನಿನಿಂದ ಬರುವ ಸಣ್ಣ ಕೊಳವೆ. ಶಾಖದ ಮಾಪಕಕ್ಕೂ ಹಾಗೆಯೇ, ತುದಿಯಲ್ಲಿ ಬುರುಡೆಯುಳ್ಳ ಮುಚ್ಚಿದ ಕೊಳವೆ. ನಮ್ಮದರ ಬೆನ್ನಿಗಿದ್ದುದು ಬರೀ ತಂತಿ. ಮುಂಬಯಿಯ ಚೋರ್ ಬಜಾರಿನಲ್ಲಿ ಸರಿಯಾದದ್ದು ಸಿಕ್ಕಿತು. ಬುರುಡೆ ರಂಧ್ರದಲ್ಲಿ ತೂರದೆಂದು ನಾನು ಕೊಳವೆಗೆ ಕತ್ತರಿ ಹಿಡಿದಾಗ ಅವರು ಥಟ್ಟನೆ ನನ್ನ ಕೈ ತಡೆದರು. “ಸಾಹೇಬ್, ಅದನ್ನು ಕತ್ತರಿಸಿದರೆ ಪ್ರಾಣ ಹೋದ ಹಾಗೆ. ಮತ್ತೆ ಜೋಡಿಸಲಾಗದು.”

ನಾಲ್ಕು ಮಾಪಕಗಳು ಹೀಗೆ ತಮ್ಮ ಜಾಗ ಸೇರಿದವು. ಉಳಿದದ್ದು ವೇಗಮಾಪಕ. ಮೂಲದ್ದು ಗಂಟೆಗೆ 60 ಮೈಲಿಯವರೆಗೆ ಮಾತ್ರ ತೋರಿಸುವಂಥದು; ಅದೇ ಜೀಪಿನ ಎಚ್ಚರಿಕೆಯ ಫಲಕ ಮಾತ್ರ ಮೇಲಿನ ಗೇರಿನಲ್ಲಿ 65ಕ್ಕೆ ಅನುಮತಿ ಕೊಡುತ್ತದೆ. ಸರ್ಕಾರಿ ನೌಕರನಾದ ನನಗೆ ಇದು ಅಪರಿಚಿತವೆನಿಸಲಿಲ್ಲ. ನಮ್ಮ ಜೀಪಿನಲ್ಲಿದ್ದದ್ದು ಕಿಲೋಮೀಟರಿನದು, ದೇಶಕ್ಕೆ ಮೆಟ್ರಿಕ್ ಪದ್ಧತಿ ಬಂದ ಮೇಲಿನದು. ಯಾವ ಲೆಕ್ಕದಲ್ಲಿ ನೋಡಿದರೂ ತಪ್ಪು ಮಾಪಕ. ಸರಿಯಾದದ್ದನ್ನೂ ಕೊಂಡು ತಂದಿದ್ದೆ.

ಕಿತ್ತುಹಾಕುವ ಮುನ್ನ ಅದರ ಅಂಕಿಯನ್ನು ಓದಿದೆ: 71,862. ಪೆಟ್ಟಿಗೆಯಲ್ಲಿ ಅಪ್ಪನ ನೋಟ್‌ಬುಕ್ಕಿತ್ತು. ಪೆಟ್ರೋಲು ಹಾಕಿಸಿದ ದಿನ, ಲೀಟರು, ಕಿಲೋಮೀಟರು. ಹೊರಗೆ ಹೋಗಿ ಬಂದ ಪ್ರತಿ ಸಲವೂ ಒಂದು ಸಾಲು. ಕೊನೆಯ ಸಾಲಿನಲ್ಲಿ 71,830. ಉಳಿದ ಮೂವತ್ತೆರಡು ಕಿಲೋಮೀಟರು ಎಲ್ಲಿಯವು? ಅಮ್ಮನಿಗೆ ಫೋನು ಮಾಡಿದೆ.

“ಆ ರಾತ್ರಿ ನಮ್ಮ ರೈಟರು ಓಡಿಸ್ಕೊಂಡು ಹೋದ್ರಲ್ಲ ಮಗಾ, ಆಸ್ಪತ್ರೆಗೆ. ಬೆಳಗ್ಗೆ ಜೀಪು ತಂದು ಶೆಡ್ಡಿಗೆ ಬಿಟ್ರು. ಆಮೇಲೆ ಯಾರೂ ಮುಟ್ಟಲಿಲ್ಲ.”

ತೋಟದಿಂದ ಪೇಟೆಯ ಆಸ್ಪತ್ರೆಗೆ ಹದಿನಾರು ಕಿಲೋಮೀಟರು. ಅಪ್ಪ ಮರಳಿದ್ದು ಆಂಬುಲೆನ್ಸಿನಲ್ಲಿ. ನಾನು ಆಗ ಪುಣೆಯಲ್ಲಿದ್ದೆ. ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ರಾತ್ರಿಯ ಬಗ್ಗೆ ನಾನು ಅಮ್ಮನನ್ನು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

“ಇದೊಂದು ಹೀಗೇ ಇರಲಿ” ಎಂದೆ. ಮೆಕ್ಯಾನಿಕ್ ತಲೆಯಾಡಿಸಿದರು. “ಪ್ರದರ್ಶನಕ್ಕೆ ಒಯ್ದರೆ ಅಂಕ ಕಳೆಯುತ್ತಾರೆ, ಸಾಹೇಬ್.” ಕಳೆಯಲಿ ಎಂದೆ. ಅರವತ್ತು ಮೈಲಿಯ ಮಾಪಕ ಈಗ ಕಾಗದದಲ್ಲಿ ಸುತ್ತಿಕೊಂಡು ನನ್ನ ಪುಸ್ತಕದ ಕಪಾಟಿನಲ್ಲಿದೆ.

ಮೊದಲ ಸಲ ಜೀಪನ್ನು ರಸ್ತೆಗಿಳಿಸಿದ ಭಾನುವಾರ ಪೆಟ್ರೋಲು ಹಾಕಿಸಿ ನೋಟ್‌ಬುಕ್ಕನ್ನು ತೆರೆದೆ. ನನ್ನ ಲೆಕ್ಕವನ್ನು ಬರೆಯುವ ಮೊದಲು, ಅಪ್ಪನ ಕೊನೆಯ ಸಾಲಿನ ಕೆಳಗೆ ಆ ರಾತ್ರಿಯ ತಾರೀಖು ಹಾಕಿ, 71,862 ಎಂದು ಬರೆದೆ.