ಟಿಕೆಟ್ಟಿನ ಮೊದಲ ಮೂರು ಅಂಕಿ

ವಿಮಾನ ಕಂಪನಿ ಕೊಡುವ ಮೈಲಿ ಕೂಡಿಡುವುದೆಂದರೆ ಪುಕ್ಕಟೆ ಪ್ರಯಾಣದ ಆಸೆ ಎಂದೇ ಹೆಚ್ಚಿನವರ ತಿಳಿವಳಿಕೆ. ನನ್ನ ಮಟ್ಟಿಗೆ ಅದು ಟಿಕೆಟ್ಟನ್ನು ಓದುವ ಸುಖ. ಕೊಡಚಾದ್ರಿಯ ಬುಡದ ನಿಟ್ಟೂರಿನಲ್ಲಿ ಅಡಿಕೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಡಿಯಲ್ಲಿ ತೂಕ ಒಂದೇ ಇದ್ದರೂ ಸರಕಿಗೊಂದು ಧಾರಣೆ, ಬೆಟ್ಟೆಗೊಂದು, ರಾಶಿಗೊಂದು, ಗೊರಬಲಿಗೊಂದು. ಟಿಕೆಟ್ಟಿನಲ್ಲೂ ಹಾಗೆಯೇ. ಅಕ್ಕಪಕ್ಕ ಕೂತ ಇಬ್ಬರು ಅದೇ ಊಟ ಉಂಡು ಅದೇ ಹೊತ್ತಿಗೆ ಇಳಿಯುತ್ತಾರೆ. ದರ್ಜೆ ಸೂಚಿಸುವ ಒಂದೇ ಒಂದು ಅಕ್ಷರದ ವ್ಯತ್ಯಾಸದಿಂದ ಒಬ್ಬರಿಗೆ ಹಾರಿದ ದೂರದಷ್ಟೂ ಮೈಲಿ, ಇನ್ನೊಬ್ಬರಿಗೆ ಅದರಲ್ಲೊಂದು ಪಾಲು.

ಕೋಡ್‌ಶೇರ್‌ನಲ್ಲಿ ಈ ಓದಿಗೆ ಇನ್ನಷ್ಟು ಆಳವಿದೆ. ಅಲ್ಲಿ ಹಾರಿಸುವವರು ಒಬ್ಬರು, ತಮ್ಮ ನಂಬರು ಹಾಕಿ ಮಾರುವವರು ಇನ್ನೊಬ್ಬರು. ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ಬರುವ ಲುಫ್ತಾನ್ಸಾ ವಿಮಾನದ ಸೀಟನ್ನು ಯುನೈಟೆಡ್ ಕೂಡ ಮಾರುತ್ತದೆ. 1997ರಲ್ಲಿ ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಕೂಟ ಕಟ್ಟಿದ ಐದು ಕಂಪನಿಗಳಲ್ಲಿ ಇವೆರಡೂ ಇದ್ದವು. ಟಿಕೆಟ್ ಸಂಖ್ಯೆ 016ರಿಂದ ಶುರುವಾದರೆ ಅದು ಯುನೈಟೆಡ್ ಕೊಟ್ಟದ್ದು, 220 ಎಂದಿದ್ದರೆ ಲುಫ್ತಾನ್ಸಾ. 2015ರ ಮಾರ್ಚ್‌ನಿಂದ ಯುನೈಟೆಡ್ ತನ್ನ 016 ಟಿಕೆಟ್ಟಿಗೆ ಕೊಟ್ಟ ಹಣದ ಲೆಕ್ಕದಲ್ಲಿ ಮೈಲಿ ಕೊಡುತ್ತಿದೆ. 220ರದ್ದನ್ನು ಯುನೈಟೆಡ್‌ನ ಮೈಲಿ ಖಾತೆಗೆ ಹಾಕಿಸಿದರೆ ಲೆಕ್ಕ ದೂರ ಮತ್ತು ದರ್ಜೆಯ ಅಕ್ಷರದ ಮೇಲೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಫ್ರಾಂಕ್‌ಫರ್ಟ್ ಮೂಲಕ ಬೆಂಗಳೂರಿಗೆ ಒಂದು ಬದಿಗೇ ಸುಮಾರು ಹತ್ತು ಸಾವಿರ ಮೈಲಿ. ಇಷ್ಟು ದೂರದ ಅಗ್ಗದ ಟಿಕೆಟ್ಟಿಗೆ ಯಾವ ಲೆಕ್ಕ ಲಾಭವೆಂದು ಕೊಳ್ಳುವ ಮೊದಲೇ ಪಟ್ಟಿ ಹಿಡಿದು ನೋಡುವುದಿದೆಯಲ್ಲ, ಈ ಕಸುಬಿನ ರುಚಿಯೆಲ್ಲ ಅಲ್ಲಿದೆ.

ಕಂಪನಿ ಹೇಳದೆ ಕೇಳದೆ ಮೈಲಿಯ ಬೆಲೆ ಇಳಿಸುತ್ತದಲ್ಲ ಎಂಬ ಆಕ್ಷೇಪ ನಿಜವೇ. ಹಾಗೆಂದೇ ಮೈಲಿಯನ್ನು ಚಿನ್ನದಂತೆ ಪೆಟ್ಟಿಗೆಯಲ್ಲಿಡಬಾರದು, ಒದಗಿದಾಗ ಖರ್ಚು ಮಾಡಬೇಕು. ಮೈಲಿಗಾಗಿಯೇ ಹಾರುವವರು ಆಕಾಶಕ್ಕೆ ಹೊಗೆ ತುಂಬುತ್ತಾರೆಂಬ ಮಾತು ಇನ್ನೂ ಗಟ್ಟಿಯಾದದ್ದು, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೇಡದ ಪ್ರಯಾಣ ಕಸುಬಲ್ಲ, ಚಟ. ಆದರೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಮೆರಿಕದ ಪ್ರಯಾಣ ತಪ್ಪಿಸುವಂಥದ್ದಲ್ಲ. ಮಗಳ ಬಾಣಂತನಕ್ಕೆ ತಾಯಿ ಹೋಗಲೇಬೇಕು. ಟಿಕೆಟ್ಟಿನ ಹಣ ಅಳಿಯನದಾದರೂ ಮೈಲಿ ಕೂತು ಹಾರಿದವರದು. ಅಮ್ಮನ ಹೆಸರಿನಲ್ಲಿ ಖಾತೆಯೇ ಇರದಿದ್ದರೆ ಅಷ್ಟೂ ಹೋದಂತೆ. ಖಾತೆಯಿದ್ದೂ ಅದರಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಇದ್ದರೆ ಮೈಲಿ ಜಮಾ ಆಗಲು ಒದ್ದಾಟ. ಆದ್ದರಿಂದ ಮಕ್ಕಳಲ್ಲಿ ಒಂದು ವಿನಂತಿ: ಊರಿನಿಂದ ಅಪ್ಪ ಅಮ್ಮನನ್ನು ಕರೆಸುವ ಮೊದಲು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರು ಬರೆದು ಇಬ್ಬರಿಗೂ ಬೇರೆ ಬೇರೆ ಖಾತೆ ತೆರೆಯಿರಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.