ಗಾಯಕ್ಕೆ ಅರಿಶಿಣ

ಸೈಕಲ್ಲಿನಿಂದ ಬಿದ್ದು ಮೊಣಕಾಲು ಕೆತ್ತಿಸಿಕೊಂಡು ಮಗ ಮನೆಗೆ ಬಂದಾಗ ನಾನು ಮಾಡಿದ್ದು ನಮ್ಮವ್ವ ಮಾಡುತ್ತಿದ್ದುದನ್ನೇ. ಡಬ್ಬಿಯಿಂದ ಚಿಟಿಕೆಯಲ್ಲ, ಒಂದು ಹಿಡಿ ಅರಿಶಿಣ ತೆಗೆದು ಗಾಯದ ಮೇಲೆ ಒತ್ತಿದೆ. ರಬಕವಿ-ಬನಹಟ್ಟಿ, ತೇರದಾಳದ ಕಡೆಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಜಮಖಂಡಿ, ಮುಧೋಳದ ನೀರಾವರಿ ಹೊಲಗಳಲ್ಲಿ ಕಬ್ಬಿನ ಮಗ್ಗುಲಲ್ಲೇ ಅರಿಶಿಣ. ಅದನ್ನು ಅಗೆದು, ಕುದಿಸಿ, ಒಣಗಿಸಿ ಸಾಂಗ್ಲಿ ಪೇಟೆಗೆ ಒಯ್ಯುವವರು ನಮ್ಮ ಬೀಗರಲ್ಲೇ ಇದ್ದಾರೆ.

ಮೂರನೆಯ ದಿನ ಮೊಣಕಾಲು ಬಾತು ಜ್ವರ ಬಂತು. ಡಾಕ್ಟರು ಹಳದಿ ಪದರ ತೊಳೆದಾಗ ಕೆಳಗೆ ಕಂಡದ್ದು ಕೀವು, ಜೊತೆಗೆ ಕಲ್ಲಿನ ಎರಡು ಚೂರು.

"ಅರಿಶಿಣ ಹಚ್ಚಿದ್ದಕ್ಕ ಬೈಯೂದಿಲ್ರಿ ಅಕ್ಕಾರ, ತೊಳೀಲಾರದ ಹಚ್ಚೀರಲ್ಲ, ಅದಕ್ಕ ಬೈತೀನಿ. ಧನುರ್ವಾಯುವಿನ ಇಂಜೆಕ್ಷನ್ ಮಾಡ್ಸಿರೇನು?"

ನಾನು ನೆಲ ನೋಡಿದೆ. ಮಗನಿಗೆ ಹತ್ತು ದಿನ ಶಾಲೆ ತಪ್ಪಿತು.

"ಹಂಗಾರ ಅರಿಶಿಣದಾಗ ಏನೂ ಇಲ್ಲೇನವ್ವಾ?" ಎಂದು ಅವನು ಮಲಗಿದಲ್ಲೇ ಕೇಳಿದ. ಉತ್ತರ ಹುಡುಕುತ್ತಾ ಓದಿದೆ.

ಇದೆ. ಅದರ ಹಳದಿಯೇ ಕರ್ಕ್ಯುಮಿನ್. ಉರಿಯೂತ ತಗ್ಗಿಸುವ, ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಅದಕ್ಕಿರುವುದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ನೂರು ಗ್ರಾಂ ಪುಡಿಯಲ್ಲಿ ಅದು ಇರುವುದು ಸುಮಾರು 3 ಗ್ರಾಂ. ನೀರಿನಲ್ಲಿ ಕರಗುವುದಿಲ್ಲ, ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದೇ ಕಷ್ಟದಿಂದ. ಮೆಣಸಿನ ಕಾಳಿನ ಖಾರವಾದ ಪೈಪರಿನ್ 20 ಮಿಲಿಗ್ರಾಂ ಕೂಡಿಸಿದಾಗ ಪ್ರಮಾಣ ಶೇಕಡಾ 2000ದಷ್ಟು ಏರಿತು! ಕೆಮ್ಮಿಗೆ ಅರಿಶಿಣದ ಹಾಲು ಕೊಡುವಾಗ ನಮ್ಮಜ್ಜಿ ಮೆಣಸು ಕುಟ್ಟಿ ಹಾಕುತ್ತಿದ್ದಳು. ಹಿಗ್ಗಿದೆ. ಆಮೇಲೆ ಲೆಕ್ಕ ಹಾಕಿದೆ. 2 ಗ್ರಾಂ ಕರ್ಕ್ಯುಮಿನ್ ಬೇಕೆಂದರೆ 60 ಗ್ರಾಂಗೂ ಮೇಲೆ ಅರಿಶಿಣ ಬೇಕು. ಅಂಥ ಹಾಲನ್ನು ಯಾವ ಮಗು ಕುಡಿದೀತು?

ಪೇಟೆಂಟಿನ ಗದ್ದಲವೂ ನೆನಪಾಯಿತು. ಗಾಯ ಮಾಯಿಸಲು ಅರಿಶಿಣ ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆದಿತ್ತು. ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥ, ಲೇಖನಗಳನ್ನು ಮುಂದಿಟ್ಟು ವಾದಿಸಿತು, 1997ರಲ್ಲಿ ಅದು ರದ್ದಾಯಿತು. ನಮಗೆಲ್ಲ ಎಷ್ಟು ಹೆಮ್ಮೆ! ಆದರೆ ಅಲ್ಲಿ ಸಾಬೀತಾದದ್ದು ಈ ಬಳಕೆ ಹಳೆಯದು ಎಂಬುದು ಮಾತ್ರ. ಅರಿಶಿಣವೊಂದೇ ಸಾಕು ಎಂದು ಯಾರೂ ಹೇಳಿರಲಿಲ್ಲ. ಹಾಗೆಂದುಕೊಂಡವಳು ನಾನು.

ಪಟ್ಟಿ ಬಿಚ್ಚಿದ ಮೇಲೆ, ಆ ದಿನ ಅರಿಶಿಣ ಮೆತ್ತಿದ್ದ ಅವನ ಚಡ್ಡಿಗೆ ಸಾಬೂನು ಹಚ್ಚಿದೆ. ಹಳದಿ ಕಲೆ ಕೆಂಪಗಾಯಿತು. "ಅವ್ವಾ, ರಕ್ತ!" ಎಂದು ಹುಡುಗ ಚೀರಿದ. ಅರಿಶಿಣಕ್ಕೆ ಕ್ಷಾರ ತಾಗಿದರೆ ಹೀಗೆ, ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಹೀಗೇ ಎಂದೆ. ಅಂದು ಸಂಜೆ ಅಡುಗೆಮನೆಯ ಅರಿಶಿಣದ ಡಬ್ಬಿ ಅರ್ಧ ಖಾಲಿ. ಹಿತ್ತಲಲ್ಲಿ ಅವನೂ ಗೆಳೆಯರೂ ಕಾಗದ ಹಳದಿ ಮಾಡಿ ಸಾಬೂನು ತಿಕ್ಕುತ್ತಿದ್ದರು.