ಕಡಲಡಿಯ ಬಟ್ಟಲು (ಭಾಗ 4)

ಸ್ವೈಪ್ ಮಾಡೋ ಮುಂಚೆ ಇದನ್ನ ಓದಿ. 15ನೇ ಶತಮಾನದಲ್ಲಿ ವಿಯೆಟ್ನಾಂನ ಚು ದೌ ಕಡೆಯ ಕುಂಬಾರರು ಸುಟ್ಟ ನೀಲಿ-ಬಿಳಿ ಬಟ್ಟಲು, ತಟ್ಟೆ, ಹೂಜಿಗಳನ್ನು ತುಂಬಿಕೊಂಡ ಹಡಗೊಂದು ಹೊಯ್ ಆನ್ ಬಳಿ ಮುಳುಗಿತು. 1990ರ ದಶಕದಲ್ಲಿ ಮೀನುಗಾರರ ಬಲೆಗೆ ಪಾತ್ರೆಗಳು ಸಿಕ್ಕವು. ಆಮೇಲೆ ಸುಮಾರು 70 ಮೀಟರ್ ಆಳದಿಂದ ಎರಡು ಲಕ್ಷಕ್ಕೂ ಹೆಚ್ಚು ಮೇಲೆ ಬಂದವು!

ಅಪರೂಪದವು ಅಲ್ಲಿನ ಮ್ಯೂಸಿಯಂಗಳಿಗೆ ಹೋದವು. ಉಳಿದವುಗಳಲ್ಲಿ ಬಹಳಷ್ಟು 2000ದಲ್ಲಿ ಅಮೆರಿಕದಲ್ಲಿ ಹರಾಜಿಗೆ.

ನನ್ನನ್ನ ಕೊರೆಯೋದು ಇದೇ. ಒಂಟಿ ಬಟ್ಟಲು ಷೋಕೇಸಲ್ಲಿ ಚಂದ ಕಾಣುತ್ತೆ, ಅಷ್ಟೇ. ಪಕ್ಕದ ಬಟ್ಟಲು, ಹಡಗಿನ ಹಲಗೆ ಜೊತೆಗಿದ್ರೆ ತಾನು ಎಲ್ಲಿಂದ ಹೊರಟೆ, ಯಾರ ಜೊತೆ ಬಂದೆ ಅಂತ ಹೇಳುತ್ತೆ. 500 ವರ್ಷ ಸಮುದ್ರ ಒಟ್ಟಿಗೆ ಇಟ್ಟಿದ್ದನ್ನ ನಾವು ಚೆದುರಿಸಿಬಿಟ್ವಿ.

ಆದ್ರೆ ಹರಾಜಿನ ದುಡ್ಡಿನ ಭರವಸೆ ಇಲ್ದಿದ್ರೆ ಅಷ್ಟು ಆಳದಿಂದ ಎತ್ತೋಕೆ ಯಾರು ಖರ್ಚು ಮಾಡ್ತಿದ್ರು?

ನೀವಾಗಿದ್ರೆ ಏನ್ ಮಾಡ್ತಿದ್ರಿ? ಕಾಮೆಂಟಲ್ಲಿ ಹೇಳಿ.